ಬೆಳಕಿಂಡಿ ಮತ್ತು ಕಿಟಕಿ: ನರಗುಂದದ ನೆಲದಲ್ಲಿ ಒಳಮನೆಯ ಚಿತ್ರಣ

ನಮ್ಮ ಪ್ರಾಚೀನ ಚಿತ್ರಕಲೆಯ ವಿಷಯದಲ್ಲಿ ಒಂದು ಆಕ್ಷೇಪವು ಆಗಾಗ ಕೇಳಿಬರುವುದುಂಟು. ನಮ್ಮ ಚಿತ್ರಕಾರರು ಅರಮನೆಯ ಓಲಗವನ್ನು ಬರೆದರು, ಅಂತಃಪುರವನ್ನು ಬರೆದರು. ಆದರೆ ಆ ಕೋಣೆಯೊಳಕ್ಕೆ ಬೆಳಕು ಯಾವ ಕಡೆಯಿಂದ ಬಂದಿತೆಂಬುದನ್ನು ಬರೆಯಲಿಲ್ಲ. ಪಕ್ಕದ ಕಿಟಕಿಯಿಂದ ಹೊಕ್ಕ ಹಗಲು ಗೋಡೆಯ ಮೇಲೆ ಹರಡಿ ಕ್ರಮವಾಗಿ ಮಾಸುವ ಬಗೆಯು ಅವರ ಕಣ್ಣಿಗೆ ಬೀಳಲೇ ಇಲ್ಲವೆಂದೂ, ಪಾಶ್ಚಾತ್ಯರು ಕಲಿಸಿದ ಮೇಲೆಯೇ ಅದು ನಮಗೆ ಕಂಡಿತೆಂದೂ ಆಕ್ಷೇಪಕರ ಅಭಿಪ್ರಾಯ. ಬರೆಯಲಿಲ್ಲವೆಂಬ ಮಾತು ಬಹುಮಟ್ಟಿಗೆ ನಿಜ, ಕಾಣಲಿಲ್ಲವೆಂಬುದು ತಪ್ಪು. ಈ ಎರಡರ ಅಂತರವನ್ನು ತಿಳಿಯುವುದಕ್ಕೆ ನರಗುಂದದ ಸುತ್ತಿನ ನಾಡು ತಕ್ಕ ಸ್ಥಳವಾಗಿದೆ. ಅದರ ಈಶಾನ್ಯಕ್ಕೆ ನೇರ ರೇಖೆಯಲ್ಲಿ ಸುಮಾರು ೪೦ ಕಿಲೋಮೀಟರು ದೂರದಲ್ಲಿ ಬಾದಾಮಿಯ ಗುಹೆಗಳಿವೆ. ಸುತ್ತಲೂ ಕಲ್ಯಾಣದ ಚಾಲುಕ್ಯರು ಆಳಿದ ಬೆಳ್ವೊಲದ ಎರೆನೆಲ. ಊರಿನೊಳಗೆ ಮಣ್ಣಿನ ಮಾಳಿಗೆಯ ಮನೆಗಳು.

ಮೊದಲು ಕಾಣುವ ಮಾತನ್ನು ನೋಡೋಣ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ತೂಕಗಳ ಲೆಕ್ಕವು ಬರುತ್ತದೆ. ಜಾಲಂದ್ರದಿಂದ ಒಳಹೊಕ್ಕ ಬಿಸಿಲಿನಲ್ಲಿ ಕಾಣುವ ಅತಿ ಸೂಕ್ಷ್ಮವಾದ ಧೂಳಿಯ ಕಣಕ್ಕೆ ಅಲ್ಲಿ ತ್ರಸರೇಣುವೆಂದು ಹೆಸರು. ಎಲ್ಲ ಪ್ರಮಾಣಗಳಿಗೂ ಅದೇ ಮೊದಲು. ೮ ತ್ರಸರೇಣುಗಳಿಗೆ ಒಂದು ಲಿಕ್ಷೆ, ೩ ಲಿಕ್ಷೆಗಳಿಗೆ ಒಂದು ಕರಿಸಾಸಿವೆ, ಹೀಗೆ ಬೆಳೆದು ಈ ಲೆಕ್ಕವು ಬಂಗಾರದ ತೂಕದವರೆಗೆ ಹೋಗುತ್ತದೆ. ನ್ಯಾಯವೈಶೇಷಿಕರೂ ಕಣ್ಣಿಗೆ ಗೋಚರವಾಗುವ ಅತ್ಯಲ್ಪ ದ್ರವ್ಯಕ್ಕೆ ಇದೇ ಉದಾಹರಣೆಯನ್ನು ಹಿಡಿದರು. ಮಬ್ಬಾದ ಕೋಣೆಯಲ್ಲಿ ಕುಳಿತು, ಓರೆಯಾಗಿ ಬಿದ್ದ ಬೆಳಕಿನ ಕೋಲನ್ನು ಎವೆಯಿಕ್ಕದೆ ನೋಡಿದವರಲ್ಲದೆ ಬೇರೆಯವರು ಈ ಮಾತನ್ನು ಆಡಲಾರರು. ಆದುದರಿಂದ ನೋಟದ ಕೊರತೆಯು ಕಾರಣವೆನ್ನಲಾಗದು.

ಇನ್ನು ಬರೆಹದ ಮಾತು. ಬಾದಾಮಿಯ ಮೂರನೆಯ ಗುಹೆಯು ಮಂಗಲೇಶನು ಮಾಡಿಸಿದ್ದು. ಅಲ್ಲಿಯ ಶಾಸನಕ್ಕೆ ಶಕ ೫೦೦, ಎಂದರೆ ಕ್ರಿ. ಶ. ೫೭೮, ಕಾಲನಿರ್ದೇಶವಿದೆ. ಅದರ ಕಪೋತದ ಒಳಬಾಗಿನ ಮೇಲೆ ಉಳಿದಿರುವ ವರ್ಣಚಿತ್ರಗಳನ್ನು ಸ್ಟೆಲ್ಲಾ ಕ್ರಾಮ್ರಿಶ್ ಅವರು ೧೯೩೬ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು. ಅವುಗಳಲ್ಲೊಂದು ಅರಮನೆಯ ಒಳಾಂಗಣ: ಕಂಬಗಳ ಸಾಲು, ಕುಳಿತ ರಾಜಪುರುಷ, ನರ್ತಕರು, ವಾದ್ಯಗಾರ್ತಿಯರು. ಮೈಗಳಿಗೆ ದುಂಡುತನವಿದೆ, ಕಂಬಗಳ ಹಿಂದುಮುಂದುಗಳು ತಿಳಿಯುತ್ತವೆ. ಆದರೆ ಒಬ್ಬರ ನೆರಳಾದರೂ ಮತ್ತೊಬ್ಬರ ಮೇಲೆ ಬಿದ್ದಿಲ್ಲ. ಗುಹೆಯು ಸುಮಾರಾಗಿ ಉತ್ತರಕ್ಕೆ ತೆರೆದಿರುವುದರಿಂದ ಅದನ್ನು ಬರೆದವನಿಗೆ ಒಂದೇ ಕಡೆಯಿಂದ ಬೆಳಕು ಬರುತ್ತಿತ್ತು. ತಾನು ಕೆಲಸಮಾಡಿದ ಆ ಬೆಳಕನ್ನು ಅವನು ಚಿತ್ರದೊಳಕ್ಕೆ ಬಿಡಲಿಲ್ಲ.

ಬಿಡದಿದ್ದುದಕ್ಕೆ ಕಾರಣವನ್ನು ಶಾಸ್ತ್ರವೇ ಸೂಚಿಸುತ್ತದೆ. ಕಲ್ಯಾಣದ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬–೧೧೩೮) ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕರ್ಮದ ಪ್ರಕರಣವೊಂದಿದೆ. ಗೋಡೆಯ ಗಾರೆ, ಅಂಟು, ಕುಂಚ, ಬಣ್ಣಗಳ ವಿವರಣೆಯಾದ ಮೇಲೆ, ಕನ್ನಡಿಯ ಪ್ರತಿಬಿಂಬದಂತೆ ಹೋಲಿಕೆಯುಳ್ಳ ಚಿತ್ರಕ್ಕೆ ವಿದ್ಧವೆಂದು ಹೆಸರಿಡುತ್ತಾನೆ. ಸಾದೃಶ್ಯವು ಅವನಿಗೆ ಬೇಡವಾದ ವಸ್ತುವಲ್ಲ. ಆದರೆ ಬಣ್ಣದ ಏರಿಳಿತಕ್ಕೆ ಅವನು ಕೊಡುವ ನಿಯಮವು, ಉಬ್ಬಿದೆಡೆಯಲ್ಲಿ ಉಜ್ಜ್ವಲ, ತಗ್ಗಿದೆಡೆಯಲ್ಲಿ ಶ್ಯಾಮಲ ಎಂಬುದು. ವಿಷ್ಣುಧರ್ಮೋತ್ತರದ ಚಿತ್ರಸೂತ್ರವೂ ನಿಮ್ನೋನ್ನತಗಳನ್ನು ತೋರಿಸಬಲ್ಲವನನ್ನೇ ಚಿತ್ರಜ್ಞನೆನ್ನುತ್ತದೆ. ಈ ನಿಯಮವು ವಸ್ತುವಿನ ಆಕಾರಕ್ಕೆ ಅಧೀನವಾದುದು. ದೀಪವೆಲ್ಲಿದೆ, ಕಿಟಕಿಯೆಲ್ಲಿದೆ ಎಂದು ಅದು ಕೇಳುವುದಿಲ್ಲ. ಕಿಟಕಿಯ ಬೆಳಕಿನ ನಿಯಮವೇ ಬೇರೆ: ಕಿಟಕಿಗೆ ಮುಖಮಾಡಿದ್ದು, ಉಬ್ಬಿರಲಿ ತಗ್ಗಿರಲಿ, ಬೆಳಗುತ್ತದೆ, ವಿಮುಖವಾದುದು ಕಪ್ಪಾಗುತ್ತದೆ. ಮೊದಲನೆಯದು ವಸ್ತುವಿಗೆ ಸದಾ ಇರುವ ರೂಪವನ್ನು ಹೇಳಿದರೆ, ಎರಡನೆಯದು ಒಂದು ಗಳಿಗೆಯಲ್ಲಿ ಒಂದು ಸ್ಥಳದಿಂದ ಕಂಡ ರೂಪವನ್ನು ಹೇಳುತ್ತದೆ. ದೇವರಿಗೂ ದೊರೆಗೂ ಗಳಿಗೆಯ ರೂಪವನ್ನು ಕೊಡಲು ನಮ್ಮವರು ಒಪ್ಪಲಿಲ್ಲವೆಂದೇ ನಮ್ಮ ಊಹೆ.

ಈ ಎರಡು ನಿಯಮಗಳೂ ಒಂದೇ ಕಟ್ಟಡದಲ್ಲಿ ಎದುರುಬದುರಾಗಿ ನಿಂತಿರುವ ಸ್ಥಳವೊಂದು ಕನ್ನಡ ನಾಡಿನಲ್ಲಿದೆ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ, ಅರ್ಜುನನ ಮತ್ಸ್ಯಭೇದ ಮೊದಲಾದ ಚಿತ್ರಗಳಿವೆ. ಒಂದರಲ್ಲಿಯೂ ಬಿದ್ದ ನೆರಳಿಲ್ಲ. ಅದೇ ದೇವಾಲಯದ ಹಿಂಬದಿಯ ಕತ್ತಲ ಕೋಣೆಯಲ್ಲಿ, ಚಿಕ್ಕದೊಂದು ರಂಧ್ರದಿಂದ ಹೊಕ್ಕ ಬೆಳಕು ಮಹಾದ್ವಾರದ ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬರೆಯುತ್ತದೆ. ಅರಬರ ಪಂಡಿತ ಇಬ್ನ್ ಅಲ್ ಹೈಥಮನು ಹನ್ನೊಂದನೆಯ ಶತಮಾನದಲ್ಲಿ ಪರಿಶೀಲಿಸಿದ, ಮುಂದೆ ಯುರೋಪಿನಲ್ಲಿ ಚಿತ್ರಕಾರರ ಕತ್ತಲ ಪೆಟ್ಟಿಗೆಗೂ ಛಾಯಾಗ್ರಹಣಕ್ಕೂ ಮೂಲವಾದ ತತ್ತ್ವವೇ ಇದು. ಹಂಪೆಯ ಭಕ್ತರು ಅದನ್ನು ನೋಡಿ ಕೈಮುಗಿದರು. ಅಳೆದು ಅನುಕರಿಸಬೇಕಾದ ಪಾಠವೆಂದು ತಿಳಿಯಲಿಲ್ಲ.

ಪಾಠವಾಗಿ ಅದು ನಮ್ಮ ಪ್ರಾಂತಕ್ಕೆ ಬಂದದ್ದು ಮುಂಬಯಿಯ ಮಾರ್ಗದಿಂದ. ಸರ್ ಜಮಶೇಟ್ಜಿ ಜೀಜೀಭಾಯಿ ಅವರು ಕೊಟ್ಟ ೧ ಲಕ್ಷ ರೂಪಾಯಿಗಳ ದಾನದಿಂದ ಅಲ್ಲಿಯ ಕಲಾಶಾಲೆಯು ೧೮೫೭ರಲ್ಲಿ ಆರಂಭವಾಯಿತು. ಮರುವರ್ಷವೇ ನರಗುಂದದ ದೊರೆ ಭಾಸ್ಕರರಾವ ಭಾವೆ, ಎಂದರೆ ಬಾಬಾಸಾಹೇಬನು, ಬ್ರಿಟಿಷರ ಮೇಲೆ ದಂಗೆಯೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಸಂಸ್ಥಾನವು ಬ್ರಿಟಿಷರ ವಶವಾಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯೊಳಗೆ ಸೇರಿತು. ಹೀಗೆ ಇಲ್ಲಿಯ ಶಾಲೆಗಳಿಗೆ ಮುಂಬಯಿಯ ವಿದ್ಯಾಖಾತೆಯೇ ಒಡೆಯನಾಯಿತು. ಅದರ ಹಿಂದೆಯೇ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳು ಬಂದವು. ಮುಂಬಯಿಯಲ್ಲಿ ಕಲಿತ ಡಿ. ವಿ. ಹಾಲಭಾವಿಯವರು ಧಾರವಾಡದಲ್ಲಿ ತಮ್ಮ ಕಲಾಶಾಲೆಯನ್ನು ಸ್ಥಾಪಿಸಿದರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರ ವಿಜಯ ಕಲಾಮಂದಿರವು ನೆಲೆಗೊಂಡಿತು. ಆ ಮುಂಬಯಿ ಸಂಪ್ರದಾಯವು ಎಷ್ಟು ಪಕ್ವವಾಯಿತೆಂಬುದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರವೇ ಸಾಕ್ಷಿ. ಹಲವರು ರವಿವರ್ಮನದೆಂದು ಭಾವಿಸುವ ಆ ಜಲವರ್ಣಚಿತ್ರವನ್ನು ಬರೆದವರು ಎಸ್. ಎಲ್. ಹಳದಣಕರರು.

ಆ ಪಾಠದ ಸಾರವನ್ನು ಇಲ್ಲಿ ಸಂಗ್ರಹಿಸಬಹುದು. ಕಿಟಕಿಯುಳ್ಳ ಗೋಡೆಯೇ ಕೋಣೆಯಲ್ಲಿ ಬಹು ಕಪ್ಪಾದುದು, ಏಕೆಂದರೆ ಅದು ತನ್ನ ಬೆಳಕನ್ನು ತಾನು ಕಾಣದು. ಎದುರು ಗೋಡೆ ಬೆಳ್ಳಗಿರುತ್ತದೆ. ಪಕ್ಕದ ಗೋಡೆಯ ಮೇಲೆ ಬೆಳಕು ದೂರ ಸರಿದಷ್ಟೂ ಇಳಿಯುತ್ತದೆ. ಆಕಾಶದ ಬೆಳಕು ತಂಪು, ನೆಲದಿಂದ ಮರಳಿದ ಬೆಳಕು ಬೆಚ್ಚನೆಯದು. ಆದರೆ ಕಷ್ಟವಿರುವುದು ಪ್ರಮಾಣದಲ್ಲಿ. ಬಿಸಿಲು ಬಿದ್ದ ನೆಲಕ್ಕೂ ಮೂಲೆಯ ಕತ್ತಲೆಗೂ ನೂರಾರು ಮಡಿ, ಎಷ್ಟೋ ಸಲ ಸಾವಿರ ಮಡಿ ಅಂತರವಿರುತ್ತದೆ. ಬಣ್ಣದ ಬಿಳುಪಿಗೂ ಕಪ್ಪಿಗೂ ಇರುವ ಅಂತರವು ೨೦ ಅಥವಾ ೩೦ ಮಡಿ ಮಾತ್ರ. ಆದಕಾರಣ ಕಂಡದ್ದನ್ನು ಕಂಡಂತೆ ಬರೆಯುವುದು ಯಾರಿಗೂ ಶಕ್ಯವಿಲ್ಲ. ಬೆಳಕಿನ ಮೆಟ್ಟಿಲುಗಳ ಪರಸ್ಪರ ಸಂಬಂಧವನ್ನು ಕೆಡಿಸದೆ ಎಲ್ಲವನ್ನೂ ಸಂಕ್ಷೇಪಿಸಬೇಕು. ನಿಜರೂಪದ ಚಿತ್ರವೆಂಬುದೂ ಒಂದು ಭಾಷಾಂತರವೇ.

ಇಷ್ಟರ ಮಟ್ಟಿಗೆ ಪಾಠವು ಎಲ್ಲ ದೇಶಕ್ಕೂ ಸಲ್ಲುತ್ತದೆ. ಆದರೆ ಅದರ ಜತೆಗೆ ಉತ್ತರ ದೇಶಗಳ ಒಂದು ರೂಢಿಯೂ ನಿಯಮದ ವೇಷದಲ್ಲಿ ಬಂದಿತು: ಬೆಳಕು ಎಡಗಡೆಯ ಕಿಟಕಿಯಿಂದ ಬರಬೇಕು, ಆ ಕಿಟಕಿ ಉತ್ತರಕ್ಕಿರಬೇಕು ಎಂಬುದು. ಎಡಗಡೆಯ ಬೆಳಕಿನಿಂದ ಬರೆಯುವ ಬಲಗೈಯ ನೆರಳು ಹಾಳೆಯ ಮೇಲೆ ಬೀಳದು. ಉತ್ತರದ ಕಿಟಕಿಯಿಂದ ನಡುಹಗಲಿನ ಬಿಸಿಲು ಒಳಗೆ ಬಾರದು. ಒಳಮನೆಯ ಚಿತ್ರಕ್ಕೆ ಹೆಸರಾದ ವರ್ಮೀರನ (೧೬೩೨–೧೬೭೫) ಡೆಲ್ಫ್ಟ್ ನಗರವು ೫೨ ಅಂಶ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ನಡುಹಗಲಿನ ಸೂರ್ಯನು ಬೇಸಗೆಯಲ್ಲಿ ೬೧ ಅಂಶಗಳಷ್ಟು ಮೇಲೇರಿದರೆ ಚಳಿಗಾಲದಲ್ಲಿ ೧೪ ಅಂಶಗಳಿಗೆ ಇಳಿಯುತ್ತಾನೆ. ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ನರಗುಂದದ ಅಕ್ಷಾಂಶವು ಹದಿನಾರಕ್ಕಿಂತ ತುಸು ಕಡಿಮೆ. ಇಲ್ಲಿ ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿಯೂ ಸೂರ್ಯನು ನೆತ್ತಿಯ ಮೇಲೆ ನಿಲ್ಲುತ್ತಾನೆ. ನಡುವಿನ ಮೂರು ತಿಂಗಳು ಮಧ್ಯಾಹ್ನದಲ್ಲಿಯೂ ಉತ್ತರಕ್ಕೇ ಇರುತ್ತಾನೆ. ದಪ್ಪ ಗೋಡೆಯೂ ಮಳೆಗಾಲದ ಮೋಡವೂ ಆ ಬಿಸಿಲನ್ನು ತಡೆಯಬಹುದು; ನಿಯಮವಂತೂ ಉಳಿಯಲಿಲ್ಲ. ಚಳಿಗಾಲದ ನಡುಹಗಲಿನಲ್ಲಿಯೂ ಸೂರ್ಯನು ಇಲ್ಲಿ ೫೦ ಅಂಶಕ್ಕಿಂತ ಕೆಳಗಿಳಿಯನು. ಈ ನಾಡಿನ ಹಗಲು ಪಕ್ಕದಿಂದ ಬರುವುದಕ್ಕಿಂತ ಮೇಲಿನಿಂದ ಬರುವುದೇ ಹೆಚ್ಚು.

ಇಲ್ಲಿಯ ಮನೆ ಕಟ್ಟಿದವರು ಇದನ್ನು ಬಲ್ಲರು. ಮಾಳಿಗೆಯ ಮನೆಯ ದಪ್ಪ ಮಣ್ಣುಗೋಡೆಗಳಲ್ಲಿ ಕಿಟಕಿ ವಿರಳ. ತೊಲೆಜಂತಿಗಳ ನಡುವೆ ತೆರೆದ ಬೆಳಕಿಂಡಿಯೇ ಹಗಲಿನ ದಾರಿ. ಆ ಕೋಣೆಯಲ್ಲಿ ಬೆಳಕಿನ ನಡಿಗೆಯೇ ಬೇರೆ. ಕಿಂಡಿಯ ಸುತ್ತಲಿನ ಜಂತಿಗಳು ಕಡುಗಪ್ಪು. ಕೆಳಗೆ ಸೆಗಣಿ ಸಾರಿಸಿದ ನೆಲದ ಮೇಲೆ ಬಿಸಿಲಿನ ಒಂದು ಬಿಲ್ಲೆ. ಅಲ್ಲಿಂದ ಮರಳಿದ ಮಂದ ಬೆಳಕು ಕಂಬಗಳ ಬುಡವನ್ನೂ ತೊಲೆಗಳ ಕೆಳಮೈಯನ್ನೂ ಕೆಳಗಿನಿಂದ ಮುಟ್ಟುತ್ತದೆ. ಬಿಲ್ಲೆಯು ಗಳಿಗೆಗಳಿಗೆಗೂ ಸರಿಯುತ್ತದೆ. ಕಿಂಡಿಯು ಬಹಳ ಕಿರಿದಾಗಿದ್ದರೆ, ಅದರ ಆಕಾರವು ಚೌಕವಾಗಿದ್ದರೂ ಬಿಲ್ಲೆಯು ಗುಂಡಗೇ ಬೀಳುತ್ತದೆ. ಅದು ಸೂರ್ಯನ ಬಿಂಬವೇ. ಪಾರ್ಶ್ವಸೂರ್ಯಗ್ರಹಣದಲ್ಲಿ ಅದು ಕುಡುಗೋಲಿನಂತಾಗುವುದನ್ನು ಮನೆಯವರೆಲ್ಲ ನೋಡಬಹುದು. ಹಂಪೆಯ ಗೋಪುರವನ್ನು ಬರೆದ ಬೆಳಕೇ ಇಲ್ಲಿ ಅಡಿಗೆಮನೆಯ ನೆಲದ ಮೇಲೆ ಸೂರ್ಯನನ್ನು ಬರೆಯುತ್ತದೆ.

ಈ ಕೋಣೆಯಲ್ಲಿ ಬೆಳೆದ ಹುಡುಗನು ಪರೀಕ್ಷೆಯ ಹಾಳೆಯ ಮೇಲೆ ಎಡಗಡೆಯ ಕಿಟಕಿಯನ್ನೇ ಕಲ್ಪಿಸಿ ಛಾಯೆಯನ್ನಿಟ್ಟರೆ, ಅವನು ನಿಸರ್ಗವನ್ನು ಕಲಿತನೆನ್ನಲಾದೀತೆ? ಅವನು ಕಲಿತದ್ದು ಮತ್ತೊಂದು ಅಕ್ಷಾಂಶದ ಮನೆಯನ್ನು. ಪಾಶ್ಚಾತ್ಯ ವಿಧಾನವು ನಿರುಪಯೋಗಿಯೆಂದು ನಾವು ಹೇಳುವುದಿಲ್ಲ. ಒಂದು ಗಳಿಗೆಯ ಬೆಳಕಿಗೆ ಗೌರವ ಕೊಡಬೇಕೆಂಬುದನ್ನು ಅದು ನಮ್ಮ ಚಿತ್ರಕಾರರಿಗೆ ಕಲಿಸಿತು. ಆ ಗೌರವವನ್ನು ಪಠ್ಯದ ಕಿಟಕಿಗೆ ತೋರಿಸಿ ಮನೆಯ ಬೆಳಕಿಂಡಿಗೆ ತಪ್ಪಿಸಿದ್ದೇ ನಮ್ಮ ದೋಷ. ತ್ರಸರೇಣುವನ್ನು ಎಣಿಸಿದವರು ನೋಡಿ ಬರೆಯಲಿಲ್ಲ. ಪರೀಕ್ಷೆಗೆ ಕುಳಿತವರು ನೋಡದೆ ಬರೆದರು. ಈಗ ಮಾಳಿಗೆಗಳು ಒಂದೊಂದಾಗಿ ಬಿದ್ದು ಸಿಮೆಂಟಿನ ಚಾವಣಿಗಳು ಏಳುತ್ತಿವೆ. ಬೆಳಕಿಂಡಿಯೊಡನೆ ಆ ಕೋಣೆಯ ಬೆಳಕೂ ಹೋಗುತ್ತದೆ. ಅದು ಪೂರ್ತಿ ಮರೆಯಾಗುವ ಮುನ್ನ, ನೋಡಿ ಬರೆಯಬಲ್ಲವರು ನರಗುಂದದ ಒಂದು ಪಡಸಾಲೆಯಲ್ಲಿ ಒಂದು ದಿನ ಕುಳಿತುಕೊಳ್ಳುವುದು ಯುಕ್ತ.