ತ್ರಾಣಕ್ಕೊಂದು ಅಳತೆ

ಜ್ವರ ಬಿಟ್ಟಿತೆಂದ ಮಾತ್ರಕ್ಕೆ ರೋಗ ಬಿಟ್ಟಿತೆಂದು ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಕುಮಟೆ, ಹೊನ್ನಾವರ, ಭಟ್ಕಳಗಳ ಕಡೆ ಹಾಸಿಗೆ ಹಿಡಿದು ಎದ್ದವನನ್ನು ಕಂಡರೆ, "ತ್ರಾಣ ಬಂತೆ?" ಎಂದು ಕೇಳುವುದು ವಾಡಿಕೆ. ಗಂಜಿಯ ಬಟ್ಟಲು ಹಿಡಿದಾಗ ಕೈ ನಡುಗುವುದೆ, ಬಾವಿಯಿಂದ ಒಂದು ಕೊಡ ನೀರು ಸೇದಬಲ್ಲನೆ, ತೋಟದ ದರೆ ಹತ್ತಬಲ್ಲನೆ – ಇವೇ ಮನೆಯವರ ಅಳತೆಗೋಲುಗಳು. ಈ ತ್ರಾಣವನ್ನು ವೈದ್ಯಶಾಸ್ತ್ರವು ಅಂಕಿಗೆ ಇಳಿಸಿದ ಕಥೆ ಸ್ವಾರಸ್ಯವಾದುದು. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಈ ಕಥೆ ಮುಂದೆ ಸಾಗಿದಂತೆ ಭಾಷೆಯ ಪ್ರಶ್ನೆಯೊಂದು ಎದುರಾಗುತ್ತದೆ. ಅದಕ್ಕಾಗಿಯೇ ಬರೆಯುವ ಧೈರ್ಯ ಮಾಡಿದ್ದೇನೆ.

ಕೈಹಿಡಿತದ ಬಲವನ್ನು ಅಳೆಯುವ ಯಂತ್ರವೊಂದನ್ನು 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರೆನ್ಯೇ ಎಂಬಾತ ನಿರ್ಮಿಸಿದ. ಉಕ್ಕಿನ ಸ್ಪ್ರಿಂಗನ್ನು ಹಿಂಡಿದರೆ ಮುಳ್ಳು ಸರಿದು ಬಲವನ್ನು ತೋರಿಸುತ್ತಿತ್ತು. 1800ರಲ್ಲಿ ಹೊರಟ ಫ್ರೆಂಚ್ ನೌಕಾಯಾತ್ರೆಯಲ್ಲಿ ಪೆರೋನ್ ಎಂಬ ವಿದ್ವಾಂಸ ಅದನ್ನು ಆಸ್ಟ್ರೇಲಿಯ, ತಿಮೋರ್‌ಗಳಿಗೆ ಕೊಂಡೊಯ್ದು, ಅಲ್ಲಿನ ಮೂಲನಿವಾಸಿಗಳು ಯುರೋಪಿನವರಿಗಿಂತ ದುರ್ಬಲರೆಂದು ತೀರ್ಮಾನಿಸಿದ. ಕಂಡರಿಯದ ಯಂತ್ರವನ್ನು ಪರದೇಶದವನೊಬ್ಬ ಕೈಗಿತ್ತು ತಿಳಿಯದ ಮಾತಿನಲ್ಲಿ 'ಹಿಂಡು' ಎಂದರೆ ಯಾರು ತಾನೆ ಪೂರ್ಣ ಬಲವನ್ನು ತೋರಿಸಿಯಾರು? ಈ ಪ್ರಸಂಗವನ್ನು ವಾಚಕರು ನೆನಪಿನಲ್ಲಿಡಬೇಕು.

ಮುಂದಿನ ಹೆಜ್ಜೆಗೆ ಪೋಲಿಯೋ ಕಾರಣವಾಯಿತು. ಬಾಸ್ಟನ್ನಿನ ವೈದ್ಯ ಲೋವೆಟ್ಟರ ಸಹಾಯಕಿಯಾಗಿದ್ದ ವಿಲ್ಹೆಲ್ಮಿನ್ ರೈಟ್ 1912ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಅಂಗವು ಭೂಮಿಯ ಸೆಳೆತವನ್ನು ಮೀರಿ ಮೇಲೇಳುವುದೆ? ಪರೀಕ್ಷಕರ ಕೈ ಅಡ್ಡ ಒತ್ತಿದರೂ ಏಳುವುದೆ? ಇದಕ್ಕೆ ಯಂತ್ರವೇ ಬೇಡ. ಎರಡನೆಯ ಮಹಾಯುದ್ಧದಲ್ಲಿ ನರ ಕಡಿದ ಯೋಧರನ್ನು ಪರೀಕ್ಷಿಸಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ 1943ರಲ್ಲಿ ಇದೇ ಬಗೆಯ ಶ್ರೇಣಿಯನ್ನು ಅಚ್ಚುಹಾಕಿಸಿತು. ಸ್ನಾಯು ಒಂದಿಷ್ಟೂ ಬಿಗಿಯದಿದ್ದರೆ ಸೊನ್ನೆ, ಸಹಜ ಬಲಕ್ಕೆ 5. ನಡುವಿನ 3 ಎಂದರೆ ಸೆಳೆತವನ್ನು ಗೆದ್ದೀತು, ಒತ್ತಿದರೆ ಸೋತೀತು.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿದಾಗ, ಉಸಿರಾಟ ನಿಂತ ರೋಗಿಗಳಿಗೆ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಕೈಯಿಂದಲೇ ಚೀಲವನ್ನು ಒತ್ತಿ ಗಾಳಿ ಕೊಟ್ಟರು. ಬ್ಯೋರ್ನ್ ಇಬ್ಸೆನ್ನರ ಈ ಯುಕ್ತಿಯಿಂದಲೇ ಇಂದಿನ ತೀವ್ರ ನಿಗಾ ಘಟಕಗಳು ಹುಟ್ಟಿದವೆನ್ನಬಹುದು. ಸಾಯಬೇಕಾದವರು ಬದುಕಿದರು. ಆದರೆ ಬದುಕಿದವರಲ್ಲಿ ಹೊಸದೊಂದು ನಿಶ್ಶಕ್ತಿ ಕಾಣಿಸಿಕೊಂಡಿತು. ದೀರ್ಘಕಾಲದ ನಂಜಿನಿಂದ ಮೈಮಾಂಸ ಬೇಗನೆ ಕರಗುವುದನ್ನು ಆಸ್ಲರ್ 1892ರಷ್ಟು ಹಿಂದೆಯೇ ಗುರುತಿಸಿದ್ದನೇನೋ ನಿಜ. ಆದರೆ 1984ರಲ್ಲಿ ಕೆನಡದ ಬೋಲ್ಟನ್ ಮತ್ತು ಸಂಗಡಿಗರು, ತೀವ್ರ ರೋಗವೇ ನರಗಳನ್ನು ಕೆಡಿಸುತ್ತದೆಂದು ತೋರಿಸಿದ ಬಳಿಕವೇ ಅದು ಪ್ರತ್ಯೇಕ ವ್ಯಾಧಿಯೆಂದು ಎಣಿಕೆಗೆ ಬಂತು.

2002ರಲ್ಲಿ ಫ್ರಾನ್ಸಿನ ಡಿ ಜಾಂಗ್ ಮೊದಲಾದವರು, ಒಂದು ವಾರವಾದರೂ ಉಸಿರಾಟದ ಯಂತ್ರದ ಮೇಲಿದ್ದು ಎಚ್ಚರಗೊಂಡ 95 ಜನರನ್ನು ಪರೀಕ್ಷಿಸಿದರು. ಭುಜ, ಮೊಳಕೈ, ಮಣಿಕಟ್ಟು, ಸೊಂಟ, ಮಂಡಿ, ಹರಡು – ಈ ಆರು ಕೀಲುಗಳ ಚಲನೆಗೆ ಎರಡೂ ಪಕ್ಕದಲ್ಲಿ ಐದೈದು ಅಂಕ. ಒಟ್ಟು 60. 48ಕ್ಕಿಂತ ಕಡಿಮೆ ಬಂದರೆ ದೌರ್ಬಲ್ಯವೆಂದು ಲೆಕ್ಕ. ನಾಲ್ವರಲ್ಲಿ ಒಬ್ಬರಿಗೆ ಅದಿತ್ತು. ಹಿಡಿತದ ಯಂತ್ರವೂ ಮರಳಿ ಬಂದಿತು: 2008ರ ಒಂದು ಅಧ್ಯಯನ ಗಂಡಸರಿಗೆ 11 ಕಿಲೋ, ಹೆಂಗಸರಿಗೆ 7 ಕಿಲೋ ಎಂದು ಗಡಿ ಹಾಕಿತು.

ಈಗ ನಮ್ಮ ಕರಾವಳಿಗೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಘಟ್ಟ ಇಳಿದು ಹೊನ್ನಾವರ ಸೀಮೆಗೂ ಬಂದಿತು. ಉಣ್ಣಿಯಿಂದ ಹರಡುವ ಈ ಜ್ವರದಲ್ಲಿ ಸ್ನಾಯುಗಳ ನೋವು ವಿಪರೀತ. ಜ್ವರ ಇಳಿದ ಮೇಲೂ ವಾರಗಟ್ಟಲೆ ನಿತ್ರಾಣ. ಕಾಡಿಗೆ ಸೊಪ್ಪು-ಸೌದೆಗೆ ಹೋಗಿಯೇ ಬದುಕಬೇಕಾದವನಿಗೆ ಆ ನಿತ್ರಾಣವೆಂದರೆ ಕಳೆದುಹೋದ ಕೂಲಿ. ರೋಗ ಯಾವುದೇ ಇರಲಿ, ಉಸಿರಾಟದ ಯಂತ್ರ ಬೇಕಾಗುವಷ್ಟು ಕೆಟ್ಟರೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಕುಮಟೆಯಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕೊಂಡೊಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಎದ್ದಿತು. ಆ ಕೂಗು ನ್ಯಾಯವಾದುದು. ಆದರೆ ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಮುಖ್ಯವೆಂಬುದನ್ನು ನಾವು ಮರೆಯುತ್ತೇವೆ. ಬದುಕಿ ಬಂದವನು ಮೆಟ್ಟಿಲು ಹತ್ತಲಾರದೆ ಕುಳಿತರೆ, 'ಸೋಮಾರಿಯಾದ' ಎಂದು ಮನೆಯವರೇ ಆಡಿಕೊಳ್ಳುವುದುಂಟು. 60ಕ್ಕೆ 40 ಎಂಬ ಅಂಕಿಯೊಂದು ಕೈಯಲ್ಲಿದ್ದರೆ ಆ ಅಪವಾದ ತಪ್ಪೀತು. ತಿಂಗಳ ಮೇಲೆ ಅದು 46 ಆದರೆ ಧೈರ್ಯವೂ ಬಂದೀತು.

ಇಲ್ಲಿಯೇ ನಾನು ಹೇಳಿದ ಭಾಷೆಯ ಪ್ರಶ್ನೆ ಬರುತ್ತದೆ. ಡಿ ಜಾಂಗರು ಬಲವನ್ನು ಅಳೆಯುವ ಮೊದಲು ರೋಗಿಗೆ ಐದು ಅಪ್ಪಣೆ ಕೊಡುತ್ತಿದ್ದರು: ಕಣ್ಣು ತೆರೆದು ಮುಚ್ಚುವುದು, ತಮ್ಮನ್ನು ನೋಡುವುದು, ಬಾಯಿ ತೆರೆದು ನಾಲಗೆ ಚಾಚುವುದು, ತಲೆದೂಗುವುದು, ಐದು ಎಣಿಸಿದ ಮೇಲೆ ಹುಬ್ಬೇರಿಸುವುದು. ಮೂರಾದರೂ ಸರಿಯಾಗಿ ನಡೆದರೆ ಮಾತ್ರ ಅಳತೆಗೆ ಅರ್ಹತೆ. ಅಂದಮೇಲೆ ಪರೀಕ್ಷೆಯ ಬುಡದಲ್ಲಿರುವುದು ಒಂದು ವಾಕ್ಯ. ಭಟ್ಕಳದ ಅಜ್ಜಿಯ ಮನೆಮಾತು ನವಾಯಿತಿ, ಕುಮಟೆಯ ಮುದುಕನದು ಕೊಂಕಣಿ, ಹೊನ್ನಾವರದ ಹಾಲಕ್ಕಿ ಹೆಂಗಸಿನದು ಬೇರೆಯೇ ಕನ್ನಡ. ಔಷಧದ ಮಂಪರಿನಿಂದ ಏಳುತ್ತಿರುವ ಜೀವಕ್ಕೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅಪ್ಪಣೆಯಾದರೆ ಅದು ಸುಮ್ಮನೆ ಮಲಗಿದ್ದೀತು, ಅಂಕ ತಗ್ಗೀತು. ಪೆರೋನನ ತಪ್ಪು ಇನ್ನೂರು ವರ್ಷಗಳ ಮೇಲೆ ಮಂಚದ ಪಕ್ಕದಲ್ಲಿ ಮರುಕಳಿಸೀತು.

ಇದಕ್ಕೆ ಕೋಟಿ ರೂಪಾಯಿಯ ಯಂತ್ರವೇನೂ ಬೇಡ. ದೊಡ್ಡ ಆಸ್ಪತ್ರೆಯವರು ಬಿಡುಗಡೆಯ ಚೀಟಿಯಲ್ಲಿ ಔಷಧಗಳ ಜೊತೆಗೆ ಬಲದ ಅಂಕವನ್ನೂ ಬರೆಯಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರು ಅದನ್ನು ಮತ್ತೆ ಮತ್ತೆ ಅಳೆಯಲಿ. ಅಪ್ಪಣೆಯ ಐದು ಮಾತುಗಳು ಈ ಸೀಮೆಯ ನುಡಿಗಳಲ್ಲಿ ಬರೆದು ಗೋಡೆಯ ಮೇಲೆ ಇರಲಿ. ಅವನ್ನು ಹೊಂದಿಸಿ ಬರೆಯುವ ಕೆಲಸಕ್ಕೆ ನಮ್ಮಂಥ ಭಾಷೆಯ ಮೇಷ್ಟರುಗಳೂ ಒದಗಬಲ್ಲೆವು.