ಪಿಕಪ್ ಮೇಲೆ ಮನೆ: ಪ್ಲೇಟು ತಡೆಯಿತು, ಟೈರ್ ತಡೆಯಲಿಲ್ಲ

ನಮ್ಮೂರ ಗ್ಯಾರೇಜಿನಲ್ಲಿ ಸುಗ್ಗಿ ಕಾಲದಲ್ಲಿ ಕೇಳುವ ಮಾತು ಒಂದೇ: "ಹಿಂದೆ ಕೂತ್ಕೋತಿದೆ, ಇನ್ನೆರಡು ಪ್ಲೇಟ್ ಹಾಕು." ಪ್ಲೇಟ್ ಹಾಕಿದರೆ ಗಾಡಿ ಹೆಚ್ಚು ಹೊರುತ್ತದೆ ಅನ್ನುವುದು ನಮ್ಮ ನಂಬಿಕೆ. ಇದೇ ನಂಬಿಕೆಯ ಹಳೇ ಕಥೆಯೊಂದು ಅಮೆರಿಕದಲ್ಲಿದೆ.

1960ರಲ್ಲಿ ಲೇಖಕ ಜಾನ್ ಸ್ಟೈನ್‌ಬೆಕ್ ತಮ್ಮ 58ನೇ ವಯಸ್ಸಿನಲ್ಲಿ ದೇಶ ಸುತ್ತಲು ಹೊರಟರು. ಜೊತೆಗಿದ್ದದ್ದು ಚಾರ್ಲಿ ಎಂಬ ನಾಯಿ. ಗಾಡಿ, ಮುಕ್ಕಾಲು ಟನ್ ವರ್ಗದ ಹೊಸ ಜಿಎಂಸಿ ಪಿಕಪ್. ಅದರ ಬೆನ್ನ ಮೇಲೆ ಹಾಸಿಗೆ, ಒಲೆ, ಫ್ರಿಜ್ ಇರುವ ಪುಟ್ಟ ಮನೆ. ಇದಕ್ಕೆ ಅಲ್ಲಿ ಕ್ಯಾಂಪರ್ ಅನ್ನುತ್ತಾರೆ.

ನಾವು ಟೊಮೆಟೊ ಹೇರಿದರೆ ಮಾರುಕಟ್ಟೆಯಲ್ಲಿ ಇಳಿಸಿ ಖಾಲಿ ಬರುತ್ತೇವೆ. ಆದರೆ ಕ್ಯಾಂಪರ್ ದಾರಿಯುದ್ದಕ್ಕೂ ಇಳಿಯುವುದಿಲ್ಲ. ಸ್ಪ್ರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ. ಭಾರವೂ ಎತ್ತರದಲ್ಲಿರುವುದರಿಂದ ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಭಾರ ಹಿಂದಿನ ಆಕ್ಸಲ್ ದಾಟಿ ಹೋದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ.

ಪ್ಲೇಟಿನ ಇತಿಹಾಸ ಪಿಕಪ್‌ಗಿಂತ ಹಳೆಯದು. 1804ರಲ್ಲಿ ಇಂಗ್ಲೆಂಡಿನ ಒಬಡಯಾ ಎಲಿಯಟ್ ಕುದುರೆ ಸಾರೋಟಿನ ಕಮಾನು ಸ್ಪ್ರಿಂಗಿಗೆ ಪೇಟೆಂಟ್ ಪಡೆದ. 1908ರ ಫೋರ್ಡ್ ಮಾಡೆಲ್ ಟಿ ಕಾರು ನಿಂತಿದ್ದೂ ಪ್ಲೇಟಿನ ಮೇಲೆಯೇ. 1917ರಲ್ಲಿ ಫೋರ್ಡ್ ಒಂದು ಟನ್ ಹೊರುವ ಟಿಟಿ ಟ್ರಕ್ ತಂದಾಗ ಪ್ಲೇಟಷ್ಟೇ ಬದಲಾಗಲಿಲ್ಲ. ಚಾಸಿಸ್, ಹಿಂದಿನ ಆಕ್ಸಲ್ ಎಲ್ಲವೂ ಗಟ್ಟಿಯಾದವು. ಇದನ್ನು ನೆನಪಿಟ್ಟುಕೊಳ್ಳಿ.

ಮುಂದೆ ಕ್ಯಾಂಪರ್ ಹೊತ್ತವರು ಬೇರೆ ಬೇರೆ ದಾರಿ ಹುಡುಕಿದರು. ಒಂದು, ಹೆಚ್ಚುವರಿ ಪ್ಲೇಟ್. ಎರಡು, ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಹೆಲ್ಪರ್ ಸ್ಪ್ರಿಂಗ್. ಮೂರು, ಚಾಸಿಸ್ ಮತ್ತು ಆಕ್ಸಲ್ ನಡುವೆ ಗಾಳಿ ತುಂಬಿದ ರಬ್ಬರ್ ಚೀಲ. ಈ ಚೀಲವನ್ನು ಫೈರ್‌ಸ್ಟೋನ್ ಟೈರ್ ಕಂಪನಿ 1930ರ ದಶಕದಲ್ಲೇ ಪ್ರಯೋಗಿಸಿತ್ತು. ತೂಗಾಟ ತಡೆಯಲು ಆಂಟಿ ರೋಲ್ ಬಾರ್ ಬಂತು.

ಸ್ಟೈನ್‌ಬೆಕ್ ಗಾಡಿಗೆ ಏನಾಯಿತು? ಅವರು ಪುಸ್ತಕಗಳನ್ನೇ ಸುಮಾರು 68 ಕೆಜಿ ಹೇರಿದ್ದರು. ಜೊತೆಗೆ ಉಪಕರಣ, ಡಬ್ಬಿ ಆಹಾರ. ಬೇಕಾದ್ದಕ್ಕಿಂತ ಬಹಳ ಹೆಚ್ಚು ತಂದೆ ಎಂದು ಅವರೇ ಬರೆದುಕೊಂಡರು. ಆರೆಗಾನ್ ರಾಜ್ಯದಲ್ಲಿ ಒಂದು ಭಾನುವಾರ, ಸುರಿವ ಮಳೆಯಲ್ಲಿ ಹಿಂದಿನ ಟೈರ್ ಸಿಡಿಯಿತು. ಸ್ಪ್ರಿಂಗ್ ಮುರಿದಿರಲಿಲ್ಲ, ಸೋತದ್ದು ಟೈರ್. ಅಲ್ಲಿನ ಪೆಟ್ರೋಲ್ ಬಂಕಿನವನೊಬ್ಬ ರಜಾದಿನವೂ ಓಡಾಡಿ ದಪ್ಪ ಟ್ರಕ್ ಟೈರ್ ಹುಡುಕಿಕೊಟ್ಟ. ಆ ಪಿಕಪ್ ಈಗ ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ ಮ್ಯೂಸಿಯಂನಲ್ಲಿದೆ.

1970ರ ದಶಕದಲ್ಲಿ ಅಮೆರಿಕ ಸರ್ಕಾರ ನಿಯಮ ಮಾಡಿತು. ಪಿಕಪ್ ಎಷ್ಟು ತೂಕದ ಕ್ಯಾಂಪರ್ ಹೊರಬಹುದು, ಆ ಭಾರದ ಕೇಂದ್ರ ಎಲ್ಲಿರಬೇಕು ಎಂದು ಕಂಪನಿಯೇ ಮಾಲೀಕರಿಗೆ ತಿಳಿಸಬೇಕಾಯಿತು.

ಪ್ಲೇಟ್ ಹಾಕಿದಾಗ ಗಾಡಿ ಎದ್ದು ನಿಲ್ಲುತ್ತದೆ, ನಿಜ. ಆದರೆ ಟೈರ್, ಬ್ರೇಕ್, ಆಕ್ಸಲ್, ಬೇರಿಂಗ್ ಮೊದಲಿನವೇ. ಗಾಡಿ ಕೂತಾಗ ಭಾರ ಹೆಚ್ಚಾಗಿದೆ ಅಂತ ಕಣ್ಣಿಗಾದರೂ ಕಾಣುತ್ತಿತ್ತು. ಪ್ಲೇಟ್ ಬಿದ್ದ ಮೇಲೆ ಅದೂ ಕಾಣುವುದಿಲ್ಲ.

ಹಾಗಾಗಿ ಮುಂದಿನ ಸಲ ಗ್ಯಾರೇಜಿಗೆ ಹೋಗುವ ಮುಂಚೆ ಆರ್‌ಸಿಯಲ್ಲಿರುವ ಒಟ್ಟು ತೂಕ ನೋಡಿ. ಟೈರಿನ ಪಕ್ಕದಲ್ಲಿ ಅಳತೆಯ ನಂತರ ಬರುವ ಲೋಡ್ ನಂಬರ್ ಓದಿ. ಅಲ್ಲಿ 100 ಅಂತ ಇದ್ದರೆ ಆ ಒಂದು ಟೈರ್ ಸರಿಯಾದ ಗಾಳಿಯಲ್ಲಿ ಹೊರುವುದು 800 ಕೆಜಿ. ಅದರ ಮೇಲೆ ಹೇರಿದ್ದನ್ನು ಯಾವ ಪ್ಲೇಟೂ ಹೊರುವುದಿಲ್ಲ.