ಹುಂಜಗಳ ಊರಿನ ಇಗರ್ಜಿ

ಅಮ್ಮ ಊರಿಂದ ಬಂದು ಎರಡು ತಿಂಗಳಾಗಿತ್ತು. ಗೋಲ್ಡನ್ ಗೇಟ್ ಸೇತುವೆ ಆಯ್ತು, ಲಿವರ್‌ಮೋರ್ ದೇವಸ್ಥಾನ ಎರಡು ಸಲ ಆಯ್ತು, ಕಾಸ್ಟ್‌ಕೋ ಅಂತೂ ಲೆಕ್ಕ ಇಟ್ಟಿಲ್ಲ. "ಇನ್ನೇನು ತೋರಿಸ್ತೀಯೋ?" ಅಂತ ಅಮ್ಮ ಕೇಳಿದ್ದೇ ತಡ, ಮೊನ್ನೆ ಶನಿವಾರ ಚಿತ್ರಾನ್ನ ಕಟ್ಟಿಕೊಂಡು, ಅಮ್ಮ, ನಮ್ಮಾಕೆ, ಎಂಟು ವರ್ಷದ ಮಗಳು ಸಮೇತ ಕಾರು ಹತ್ತಿದೆ. ಸಾನ್ ಹೋಸೆಯಿಂದ 101 ಹಿಡಿದು ದಕ್ಷಿಣಕ್ಕೆ ಸುಮಾರು 45 ಮೈಲಿ. ದಾರಿಯಲ್ಲಿ ಗಿಲ್ರಾಯ್. ಬೆಳ್ಳುಳ್ಳಿಗೆ ಹೆಸರಾದ ಊರು, ಕಿಟಕಿ ಇಳಿಸಿದರೆ ಒಗ್ಗರಣೆ ನೆನಪಾಗುತ್ತೆ. ಅದನ್ನು ದಾಟಿ ಎಡಕ್ಕೆ ಹೊರಳಿದರೆ ಸಾನ್ ಹ್ವಾನ್ ಬೌತಿಸ್ತಾ.

ಬೋರ್ಡು ಓದಿದ ಅಮ್ಮ "ಸಾನ್ ಜುವಾನ್" ಅಂದರು. "ಅಲ್ಲಮ್ಮ, ಅದನ್ನ ಹ್ವಾನ್ ಅನ್ನಬೇಕು, ಸ್ಪ್ಯಾನಿಷ್" ಅಂದೆ. "ಹ ಅನ್ನೋದಾದ್ರೆ ಜೆ ಯಾಕೆ ಬರೀಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಸ್ನಾನಿಕನಾದ ಯೋಹಾನ ಅಂತ ಬರುತ್ತಾನಲ್ಲ, ಅವನ ಹೆಸರಿನ ಊರು ಇದು.

ಊರೊಳಗೆ ಹೋದರೆ ಕಾರು ಮುಂದೆ ಹೋಗಲೊಲ್ಲದು. ರಸ್ತೆ ನಡುವೆ ಒಂದು ಹುಂಜ, ಹಿಂದೆ ನಾಲ್ಕು ಹೇಂಟೆ. ಎರಡು ಸಾವಿರದ ಆಸುಪಾಸು ಜನ ಇರುವ ಊರು. ಹುಂಜಗಳು ಯಾರ ಮನೆಯವೂ ಅಲ್ಲ, ಊರಿನವು. ಅವು ದಾಟುವ ತನಕ ಹಾರ್ನ್ ಮಾಡದೆ ಕಾದೆ. ಅಮೆರಿಕಕ್ಕೆ ಬಂದ ಮೇಲೆ ಅಮ್ಮ ಮೊದಲ ಸಲ ಮನಸಾರೆ ನಕ್ಕಿದ್ದು ಆಗಲೇ ಅಂತ ಕಾಣುತ್ತೆ.

ಇಗರ್ಜಿಯ ಮುಂದೆ ದೊಡ್ಡ ಹುಲ್ಲುಹಾಸಿನ ಚೌಕ. ಸುತ್ತ ಹಳೇ ಹೋಟೆಲು, ಹಳೇ ಮನೆಗಳು, ಕುದುರೆ ಲಾಯ. ರೈಲು ಈ ಊರನ್ನು ಬಿಟ್ಟು ಬೇರೆ ದಾರಿ ಹಿಡಿಯಿತು, ಊರು ಹಾಗೇ ಉಳಿಯಿತು. ರೈಲು ಬಂದಿದ್ದರೆ ಇಲ್ಲೂ ಒಂದು ಸ್ಟ್ರಿಪ್ ಮಾಲು ಎದ್ದಿರುತ್ತಿತ್ತೇನೋ.

ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು 1769ರಿಂದ 1823ರ ತನಕ ಕ್ಯಾಲಿಫೋರ್ನಿಯಾದ ಕರಾವಳಿ ಉದ್ದಕ್ಕೂ 21 ಮಿಷನ್ನು ಕಟ್ಟಿದರು. ಇದು ಹದಿನೈದನೆಯದು. ಫಾದರ್ ಲಾಸುಎನ್ 1797ರ ಜೂನ್ 24ರಂದು, ಅಂದರೆ ಯೋಹಾನನ ಹಬ್ಬದ ದಿನವೇ, ಇದನ್ನು ಶುರು ಮಾಡಿದ್ದು. ಜಾಗ ಆರಿಸಿದ್ದು ಮಾತ್ರ ಅಮೋಘ. ಸಾನ್ ಆಂಡ್ರಿಯಾಸ್ ಭೂಬಿರುಕು ಸರಿಯಾಗಿ ಇಗರ್ಜಿಯ ಪಕ್ಕದ ದಿಬ್ಬದ ಕೆಳಗೇ ಹಾದುಹೋಗುತ್ತೆ! ಪಾಪ, ಅವರಿಗೇನು ಗೊತ್ತು. 1800ರ ಅಕ್ಟೋಬರಿನಲ್ಲಿ ದಿನಕ್ಕೆ ನಾಲ್ಕಾರು ಸಲ ನೆಲ ನಡುಗಿತಂತೆ. ಆದರೂ ಅದೇ ಜಾಗದಲ್ಲಿ 1803ರಲ್ಲಿ ದೊಡ್ಡ ಇಗರ್ಜಿಗೆ ಕೈ ಹಾಕಿ 1812ರಲ್ಲಿ ಮುಗಿಸಿದರು. 1906ರ ಭೂಕಂಪದಲ್ಲಿ ಪಕ್ಕದ ಗೋಡೆಗಳು ಬಿದ್ದವು. ಪೂರ್ತಿ ದುರಸ್ತಿ ಆಗಲಿಕ್ಕೆ 1976 ಬರಬೇಕಾಯಿತು. ಬೆಂಗಳೂರಿನ ಕಾಮಗಾರಿಗಳ ಬಗ್ಗೆ ಇನ್ನು ನಾನು ಮಾತಾಡುವುದಿಲ್ಲ.

ಒಳಗೆ ಕಾಲಿಡುವಾಗ ಅಮ್ಮ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು. "ಬೇಕಿಲ್ಲಮ್ಮ" ಅಂದರೆ, "ದೇವರಿರೋ ಜಾಗ ತಾನೇ?" ಅಂದರು. ಒಳ್ಳೆಯದೇ ಆಯಿತು, ನೆಲ ನೋಡಿಕೊಂಡು ನಡೆದವರು ಅವರೊಬ್ಬರೇ. "ಇಲ್ನೋಡೇ ಪುಟ್ಟಿ, ಯಾವ್ದೋ ಪ್ರಾಣಿ ಹೆಜ್ಜೆ!" ಹಸಿ ಬಿಲ್ಲೆಗಳನ್ನು ಹೊರಗೆ ಒಣಗಲು ಇಟ್ಟಾಗ ಅವುಗಳ ಮೇಲೆ ಓಡಾಡಿದ ಪ್ರಾಣಿಗಳ ಗುರುತು, ಇನ್ನೂರು ವರ್ಷದಿಂದ ಹಾಗೇ ಇದೆ. ಇನ್ನೊಂದು ಬಾಗಿಲಿನ ಬುಡದಲ್ಲಿ ದುಂಡಗೆ ತೂತು ಕೊರೆದಿದ್ದಾರೆ. ಇಲಿ ಹಿಡಿಯಲು ಬೆಕ್ಕು ಓಡಾಡಲಿ ಅಂತ. ಗೋಡೆಗಳೆಲ್ಲ ಹಸಿ ಇಟ್ಟಿಗೆಯವು, ಮಾರುದ್ದ ದಪ್ಪ. "ನಮ್ಮ ಅಜ್ಜನ ಮನೆ ಗೋಡೆನೂ ಹೀಗೇ ಇತ್ತಪ್ಪ, ಇದನ್ನ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ?"

ದೇವಪೀಠದ ಹಿಂದಿನ ಕೆಂಪು-ಹಸಿರು ಬಣ್ಣದ ಗೋಡೆಯ ಕಥೆ ನನಗೆ ಬಹಳ ಹಿಡಿಸಿತು. ಅದಕ್ಕೆ ಬಣ್ಣ ಬಳಿಯಲು ಬಂದ ಕಲಾವಿದ ಕೇಳಿದ ದಿನಗೂಲಿ ಪಾದ್ರಿಗಳಿಗೆ ದುಬಾರಿ ಅನ್ನಿಸಿತಂತೆ. 1818ರಲ್ಲಿ ಆ ಕೆಲಸವನ್ನು ಊಟ-ವಸತಿ ಕೊಟ್ಟರೆ ಸಾಕು ಅಂತ ಒಪ್ಪಿಕೊಂಡವನು ಥಾಮಸ್ ಡೋಕ್, ಬಾಸ್ಟನ್ ಕಡೆಯ ನಾವಿಕ. ಎರಡು ವರ್ಷ ಮುಂಚೆ ಹಡಗಿನಿಂದ ತಪ್ಪಿಸಿಕೊಂಡು ಇಳಿದವನು. ಸ್ಪೇನಿನ ಕ್ಯಾಲಿಫೋರ್ನಿಯಾದಲ್ಲಿ ನೆಲೆ ನಿಂತ ಮೊದಲ ಅಮೆರಿಕನ್ ಇವನೇ ಅನ್ನುತ್ತಾರೆ. ವೀಸಾ ಇಲ್ಲ, ಪೇಪರ್ ಇಲ್ಲ, ಕಡಿಮೆ ಸಂಬಳಕ್ಕೆ ಸ್ಥಳೀಯರ ಕೆಲಸ ಕಿತ್ತುಕೊಂಡವನು ಒಬ್ಬ ಅಮೆರಿಕನ್! ಎಚ್-1ಬಿ ಸಾಲಿನಲ್ಲಿ ವರ್ಷಗಟ್ಟಲೆ ನಿಂತವನಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೇ?

ಮ್ಯೂಸಿಯಮ್ಮಿನಲ್ಲಿ ಹಿಡಿ ತಿರುಗಿಸಿದರೆ ಹಾಡುವ ಒಂದು ಇಂಗ್ಲಿಷ್ ಪೆಟ್ಟಿಗೆ ಇದೆ. ಅದರ ಧಾಟಿಗಳಲ್ಲಿ ಒಂದರ ಹೆಸರು ‘ಗೋ ಟು ದ ಡೆವಿಲ್’ ಅಂತೆ. ಪಾದ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತ ಕಾಣುತ್ತೆ.

ಹಿಚ್‌ಕಾಕನ ‘ವರ್ಟಿಗೋ’ (1958) ನೋಡಿದವರು ಇಲ್ಲಿ ಬಂದು ಮೊದಲು ಹುಡುಕುವುದು ಆ ಎತ್ತರದ ಗಂಟೆಗೋಪುರವನ್ನು. ಅದು ಇಲ್ಲ. ಚಿತ್ರೀಕರಣದ ಹೊತ್ತಿಗೇ ಹಳೇ ಗೋಪುರವನ್ನು ಕೆಡವಿಯಾಗಿತ್ತು. ಸಿನಿಮಾದಲ್ಲಿರುವುದು ಸ್ಟುಡಿಯೋದವರ ಕೈಚಳಕ. ನಮ್ಮಾಕೆ ಫೋಟೋ ತೆಗೆಯಲೆಂದೇ ಕ್ಯಾಮೆರಾ ಚಾರ್ಜ್ ಮಾಡಿಕೊಂಡು ಬಂದಿದ್ದಳು.

ಇಷ್ಟೆಲ್ಲ ನಗುನಗುತ್ತಾ ಇಗರ್ಜಿಯ ಪಕ್ಕದ ಸ್ಮಶಾನಕ್ಕೆ ಬಂದೆವು. ಪುಟ್ಟ ಜಾಗ. ಒಂದಷ್ಟು ಶಿಲುಬೆ, ಆಲಿವ್ ಮರ. ಇಲ್ಲಿ 4,000ಕ್ಕೂ ಹೆಚ್ಚು ಮೂಲನಿವಾಸಿಗಳನ್ನು ಹೂತಿದ್ದಾರೆ. "ಇಷ್ಟೇ ಜಾಗದಲ್ಲಾ?" ಅಂದರು ಅಮ್ಮ. "ಹೆಸರೇ ಬರ್ದಿಲ್ವಲ್ಲೋ."

ಆ ಹೆಜ್ಜೆಗುರುತಿನ ಬಿಲ್ಲೆ, ಆ ಮಾರುದ್ದ ಗೋಡೆ, ಎಲ್ಲ ಇವರು ಮಾಡಿದ್ದು. ಇವರ ಮಾತು ಮುತ್ಸುನ್. ದೀಕ್ಷಾಸ್ನಾನ ಆದವರು ಮಿಷನ್ ಬಿಟ್ಟು ಹೋಗುವಂತಿರಲಿಲ್ಲ, ಓಡಿಹೋದರೆ ಸೈನಿಕರು ಹಿಡಿದು ತರುತ್ತಿದ್ದರು. ಮದುವೆಯಾಗದ ಹುಡುಗಿಯರನ್ನು ರಾತ್ರಿ ಒಂದೇ ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಿದ್ದರು. ದಡಾರದಂಥ ಹೊಸ ರೋಗಗಳು ಬಂದಾಗ ಸಾಲುಸಾಲಾಗಿ ಸತ್ತರು. 1835ರಲ್ಲಿ ಮೆಕ್ಸಿಕೋ ಸರ್ಕಾರ ಮಿಷನ್ನನ್ನು ಪಾದ್ರಿಗಳ ಕೈಯಿಂದ ತೆಗೆದುಕೊಂಡರೂ ಜಮೀನು ಸೇರಿದ್ದು ಹೆಚ್ಚಾಗಿ ದೊಡ್ಡ ಕುಳಗಳಿಗೆ. ಆಮೇಲೆ ಬಂದ ಅಮೆರಿಕನ್ನರು 1850ರಲ್ಲಿ ಮೂಲನಿವಾಸಿಗಳನ್ನು ಜೀತಕ್ಕೆ ಹಚ್ಚಲು ಕಾನೂನೇ ಮಾಡಿದರು. ಅದರ ಹೆಸರಿನಲ್ಲಿ ‘ರಕ್ಷಣೆ’ ಅನ್ನುವ ಪದ ಬೇರೆ.

ವಿಚಿತ್ರ ಏನೆಂದರೆ ಇದೇ ಮಿಷನ್ನಿನ ಪಾದ್ರಿ ಫೆಲಿಪೆ ಅರೋಯೋ ದೆ ಲಾ ಕ್ವೆಸ್ತಾ ಭಾಷೆಯ ಹುಚ್ಚಿನ ಮನುಷ್ಯ. 1808ರಿಂದ 1833ರ ತನಕ ಇಲ್ಲಿದ್ದು ಮುತ್ಸುನ್ ಕಲಿತು, ಅದರ ವ್ಯಾಕರಣ ಬರೆದು, ಸಾವಿರಾರು ಪದ-ವಾಕ್ಯ ಸೇರಿಸಿಟ್ಟ. ಮಕ್ಕಳಿಗೆ ಪ್ಲೇಟೋ, ಸಿಸೆರೋ ಅಂತ ಹೆಸರಿಡುತ್ತಿದ್ದ ಅಂತ ಒಂದು ಕಥೆಯೂ ಇದೆ. ಅವನು 1840ರಲ್ಲಿ ತೀರಿಕೊಂಡ, ಆ ಪುಸ್ತಕಗಳು ನ್ಯೂಯಾರ್ಕಿನಲ್ಲಿ ಅಚ್ಚಾಗಿದ್ದು 1861-62ರಲ್ಲಿ.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಕಿಟೆಲ್. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಅವರ ನಿಘಂಟಿಗೆ ನಾವು ಇವತ್ತಿಗೂ ಕೈಮುಗಿಯುತ್ತೇವೆ. ಆದರೆ ಕಿಟೆಲ್ ಬರೆಯದಿದ್ದರೂ ಕನ್ನಡಕ್ಕೆ ಕನ್ನಡಿಗರಿದ್ದರು. ಅರೋಯೋ ಪದ ಬರೆದುಕೊಳ್ಳುತ್ತಿದ್ದಂತೆಯೇ, ಅದನ್ನು ಆಡುವವರನ್ನು ಅದೇ ಗೋಡೆಯ ಆಚೆ ಹೂಳುತ್ತಿದ್ದರು. ಆತನನ್ನು ಹೊಗಳಬೇಕೋ ಬೈಯಬೇಕೋ ನನಗಂತೂ ಬಗೆಹರಿದಿಲ್ಲ.

ಮುತ್ಸುನ್ ಸರಾಗವಾಗಿ ಬಲ್ಲವರಲ್ಲಿ ಕೊನೆಯವರು ಅಸೆನ್ಸಿಯೋನ್ ಸೊಲೋರ್ಸಾನೋ. ನಾಟಿ ಔಷಧಿ ಬಲ್ಲ ಅಜ್ಜಿ. 1929ರಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಹ್ಯಾರಿಂಗ್ಟನ್ ಅನ್ನುವ ಭಾಷಾಶಾಸ್ತ್ರಜ್ಞ ಪಕ್ಕದಲ್ಲಿ ಕೂತು ಕೇಳಿ ಕೇಳಿ ಬರೆದುಕೊಂಡ. 1930ರ ಜನವರಿಯಲ್ಲಿ ಆಕೆ ಹೋದರು. ಆಕೆಯನ್ನು ಮಣ್ಣು ಮಾಡಿದ್ದೂ ಇದೇ ಸ್ಮಶಾನದಲ್ಲಿ. ಪಾದ್ರಿಯ ಪುಸ್ತಕ, ಅಜ್ಜಿಯ ಮಾತು ಎರಡನ್ನೂ ಇಟ್ಟುಕೊಂಡು 2016ರಲ್ಲಿ ಮುತ್ಸುನ್ ನಿಘಂಟು ಹೊರಬಂತು. ಮೊಮ್ಮಕ್ಕಳ ಮಕ್ಕಳ ಕಾಲದವರು ಅದನ್ನು ಮತ್ತೆ ಕಲಿಯಲು ಹೊರಟಿದ್ದಾರೆ.

ಇದನ್ನೆಲ್ಲ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಮಗಳಿಗೆ ಅರ್ಧದಿಂದ ಇಂಗ್ಲಿಷಿನಲ್ಲಿ ಹೇಳಬೇಕಾಯಿತು.

ಚೌಕದಲ್ಲಿ ಕೂತು ಚಿತ್ರಾನ್ನ ಬಿಚ್ಚಿದ್ದೇ ತಡ, ಹುಂಜ ಹಾಜರು. "ರೂಸ್ಟರ್!" ಅಂದಳು ಮಗಳು. "ಹುಂಜ ಅನ್ನು" ಅಂದರು ಅಮ್ಮ. ನಾಲ್ಕು ಸಲ ಹೇಳಿಸಿದ ಮೇಲೆ ‘ಹುಂಜ’ ಸರಿಯಾಗಿ ಬಂತು. ಮರುಕ್ಷಣ ಪ್ರಶ್ನೆ: "ಅಪ್ಪಾ, ಆ ಅಜ್ಜಿ ಇದಕ್ಕೆ ಏನಂತಿದ್ರು?"

ಕೋಳಿ ಈ ಕಡೆಗೆ ಬಂದಿದ್ದೇ ಸ್ಪೇನಿನವರ ಜೊತೆ. ಅದಕ್ಕೂ ಮುಂಚೆ ಇವರಿಗೆ ಅಂಥ ಪದದ ಅಗತ್ಯವೇ ಬಿದ್ದಿರಲಿಲ್ಲ. ಹಾಗಂತ ಹೇಳಿದರೆ ಅವಳು ಬಿಡಬೇಕಲ್ಲ. ನಿಘಂಟು ತರಿಸಿ ನೋಡೋಣ ಅಂದಿದ್ದೇನೆ. ಅಷ್ಟರಲ್ಲಿ ಹುಂಜ ಅಮ್ಮನ ತಟ್ಟೆಯಿಂದ ಒಂದು ಕಡಲೆಬೀಜ ಎಗರಿಸಿಕೊಂಡು ಇಗರ್ಜಿ ಕಡೆ ಓಡಿತು.